ಊರ ಪತ್ರಿಕೆಯ ಜಾಲತಾಣ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದರು. ಬೋರಿಬಂದರಿನಿಂದ ನಮ್ಮ ಥಾಣೆಗೆ ಮೊದಲ ರೈಲು ಬಂದುದು ಅದಕ್ಕೂ ಹತ್ತು ವರ್ಷಗಳ ತರುವಾಯ, 1853ರಲ್ಲಿ. ಇಂದು ಆ ರೈಲಿನಲ್ಲಿ ನಿಂತುಕೊಂಡೇ ನಾವು ಮೊಬೈಲಿನಲ್ಲಿ ಪತ್ರಿಕೆಯನ್ನು ತೆರೆಯುತ್ತೇವೆ. ಆದುದರಿಂದ ಪತ್ರಿಕೆಯ ಜಾಲತಾಣ ಹೇಗಿರಬೇಕೆಂಬುದು ಓದುಗರಾದ ನಮ್ಮ ವಿಚಾರವೂ ಅಹುದು.

ಅಚ್ಚಾದ ಪುಟದ ಚಿತ್ರವನ್ನು ಹಾಕಿಬಿಟ್ಟರೆ ಜಾಲತಾಣವಾಯಿತೆಂದು ಭಾವಿಸುವವರುಂಟು. ಚಿತ್ರವನ್ನು ಕಣ್ಣು ಓದಬಲ್ಲುದು. ಹುಡುಕಿದಾಗ ಮಾತ್ರ ಅದರೊಳಗಿನ ಹೆಸರು ಸುಲಭವಾಗಿ ಕೈಗೆ ಸಿಕ್ಕದು. ಹಳೆಯ ಫಾಂಟುಗಳ ತೊಡಕೂ ಇಂಥದೇ. ಒಂದು ಗಣಕದಲ್ಲಿ ಕನ್ನಡವಾಗಿ ಕಂಡದ್ದು, ಆ ಫಾಂಟಿಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗುತ್ತಿತ್ತು. 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ನಮ್ಮ ‘ಕ’ಕಾರಕ್ಕೆ ಜಗತ್ತಿನಾದ್ಯಂತ ಒಂದೇ ಸಂಖ್ಯೆ. ಸುದ್ದಿಯನ್ನು ಆ ಅಕ್ಷರದಲ್ಲಿ ಇಡುವುದೇ ಮೊದಲ ಸುಧಾರಣೆ.

ಎರಡನೆಯದು ತಿದ್ದುಪಡಿ. ಮನೆಗೆ ಬಂದ ಪತ್ರಿಕೆಯನ್ನು ಯಾರೂ ಬದಲಿಸಲಾರರು; ಜಾಲತಾಣದ ಸುದ್ದಿಯನ್ನು ಸದ್ದಿಲ್ಲದೆ ಬದಲಿಸಬಹುದು. ಬ್ಯಾಂಕಿನಲ್ಲಿ ದುಡಿಯುವ ನಮಗೆ ಒಂದು ನಿಯಮ ರೂಢಿಯಾಗಿದೆ: ತಪ್ಪಾದ ನಮೂದನ್ನು ಅಳಿಸುವಂತಿಲ್ಲ, ಎದುರು ನಮೂದು ಹಾಕಿ ಸರಿಪಡಿಸಬೇಕು, ಯಾರು ಎಂದು ಸರಿಪಡಿಸಿದರೆಂಬುದು ಕಾಣಬೇಕು. ಪತ್ರಿಕೆಯೂ ಹೀಗೆ ನಡೆದರೆ ನಂಬುಗೆ ಬೆಳೆಯುತ್ತದೆ.

ಮೂರನೆಯದು ಹಳೆಯ ಸುದ್ದಿಯ ಕಾಪು. ತಾಣವನ್ನು ಹೊಸದಾಗಿ ಕಟ್ಟುವಾಗ ಹಳೆಯ ಪುಟಗಳ ವಿಳಾಸ ಕೆಡಬಾರದು. ಬದಲಿಸಲೇಬೇಕಾದರೆ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕರೆದೊಯ್ಯುವ ಏರ್ಪಾಡಿರಬೇಕು. ಎಲ್ಲದರ ಇನ್ನೊಂದು ಪ್ರತಿ ಬೇರೆಡೆಯಲ್ಲಿ ಇರತಕ್ಕದ್ದು.

ಇಷ್ಟೇಕೆ ಎನ್ನುವಿರಾ? ನಾಡಿನ ದೊಡ್ಡ ಸುದ್ದಿಯನ್ನು ಯಾರಾದರೂ ಬರೆದಾರು. ಡೊಂಬಿವಲಿಯ ಯಕ್ಷಗಾನ, ಕಲ್ಯಾಣದ ಕನ್ನಡ ತರಗತಿ, ನವಿಮುಂಬಯಿಯ ಹಿರಿಯರೊಬ್ಬರ ಮರಣವಾರ್ತೆ, ಇವನ್ನು ಬರೆಯುವವರು ನಮ್ಮ ಕನ್ನಡ ಪತ್ರಿಕೆಗಳನ್ನು ಬಿಟ್ಟರೆ ಇನ್ನಾರು? ‘ಕರ್ನಾಟಕ ಮಲ್ಲ’, ‘ಉದಯವಾಣಿ’ಗಳಂಥ ದೈನಿಕಗಳು ಇಲ್ಲಿನ ಕನ್ನಡಿಗರ ಬಾಳನ್ನು ದಾಖಲಿಸಿವೆ. ನಾಳೆ ಮೊಮ್ಮಗಳೊಬ್ಬಳು ಅಜ್ಜನ ಹೆಸರನ್ನು ಹುಡುಕಿದಾಗ ಏನೂ ಸಿಗದಿದ್ದರೆ, ಅವಳ ಪಾಲಿಗೆ ನಾವು ಇಲ್ಲಿ ಬಾಳಿಯೇ ಇರಲಿಲ್ಲ.

ಹೊಣೆ ಪತ್ರಿಕೆಯದೊಂದೇ ಅಲ್ಲ. ಎಲ್ಲವೂ ಪುಕ್ಕಟೆ ಸಿಗಲೆಂಬ ಆಸೆ ನಮಗುಂಟು. ವರದಿಗಾರರ ಸಂಬಳ ಆಸೆಯಿಂದ ಹುಟ್ಟುವುದಿಲ್ಲ. ಕೈಲಾದವರು ಚಂದಾ ಕೊಡೋಣ. ಸಂಘಗಳು ವರದಿಯನ್ನು ಯುನಿಕೋಡಿನಲ್ಲಿ ಬರೆದು, ಹೆಸರು, ಊರು, ತಾರೀಖುಗಳನ್ನು ಎರಡು ಸಲ ತಾಳೆ ನೋಡಿ ಕಳುಹಿಸಲಿ. ಫೋಟೋದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಬರೆಯಲಿ.

ಇದಕ್ಕೆ ದೊಡ್ಡ ಬಂಡವಾಳ ಬೇಡ, ಶ್ರದ್ಧೆ ಬೇಕು. ಈ ನವೆಂಬರಿನಿಂದಲೇ ಆರಂಭಿಸೋಣವೆಂದು ಬಿನ್ನವಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.