ಯಂತ್ರಕ್ಕೆ ಪಕ್ಷವಿಲ್ಲ, ಪಕ್ಷಕ್ಕೆ ನೆನಪಿಲ್ಲ

(ಮುಂಬಯಿಯಲ್ಲಿ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣಕ್ಕೆ ಅರ್ಧ ಗಂಟೆ, ಅನಂತರ ಉಪಾಹಾರ ಎಂದು ಕಾರ್ಯದರ್ಶಿಗಳು ಆಮಂತ್ರಣದಲ್ಲಿಯೇ ಅಚ್ಚು ಹಾಕಿಸಿದ್ದಾರೆ. ದಿನವಿಡೀ ಊರಿಗೆಲ್ಲ ಉಪಾಹಾರ ಬಡಿಸುವವರ ಸಭೆಯಲ್ಲಿ ಅವರ ಉಪಾಹಾರಕ್ಕೆ ಅಡ್ಡ ನಿಲ್ಲುವ ಧೈರ್ಯ ನನಗಿಲ್ಲ. ಆದುದರಿಂದ ಪೀಠಿಕೆಯನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ.

ಪತ್ರಿಕೆಯಲ್ಲಿ ರಾಜಕೀಯ ಒಂದು ಪುಟದಲ್ಲಿರುತ್ತದೆ. ಹೊಸ ಹೊಸ ಯಂತ್ರಗಳ ಸುದ್ದಿ ಇನ್ನೊಂದು ಪುಟದಲ್ಲಿರುತ್ತದೆ. ನಮ್ಮಲ್ಲಿ ಬಹಳ ಮಂದಿ ಮೊದಲನೆಯದನ್ನು ಓದಿ ಜಗಳವಾಡುತ್ತಾರೆ, ಎರಡನೆಯದನ್ನು ಓದದೆ ಮಡಿಸಿಡುತ್ತಾರೆ. ಈ ಎರಡು ಪುಟಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಿರಿ ಎಂಬುದೇ ಇಂದು ನನ್ನ ವಿನಂತಿ. ಹಾಗೆ ಓದಿದರೆ ಒಂದು ತಮಾಷೆ ಕಾಣುತ್ತದೆ. ಯಂತ್ರ ಅದೇ ಇರುತ್ತದೆ. ಅದನ್ನು ಬಯ್ಯುವವರು ಮಾತ್ರ ಚುನಾವಣೆಗೊಮ್ಮೆ ಬದಲಾಗುತ್ತಾರೆ. ತಮಾಷೆ ಮುಗಿದ ಮೇಲೆ ಒಂದು ಲೆಕ್ಕ ಉಳಿಯುತ್ತದೆ. ಆ ಲೆಕ್ಕ ನಮ್ಮ ಹೊಟ್ಟೆಯದು.

ಮೊದಲು ಮತಯಂತ್ರದ ಮಾತು. ನಮ್ಮ ದೇಶದಲ್ಲಿ ಅದು ಮೊದಲು ಕೆಲಸ ಮಾಡಿದ್ದು 1982ರಲ್ಲಿ, ಕೇರಳದ ಪರವೂರು ಎಂಬ ಕ್ಷೇತ್ರದಲ್ಲಿ. ಅಲ್ಲಿಯ 50 ಮತಗಟ್ಟೆಗಳಲ್ಲಿ ಯಂತ್ರವನ್ನಿಟ್ಟರು. ಕಮ್ಯುನಿಸ್ಟ್ ಪಕ್ಷದ ಅಭ್ಯರ್ಥಿ ಶಿವನ್ ಪಿಳ್ಳೆಯವರು ‘ಈ ಯಂತ್ರ ಬೇಡ’ ಎಂದು ಚುನಾವಣೆಗೆ ಮೊದಲೇ ಹೈಕೋರ್ಟಿಗೆ ಹೋದರು. ಕೋರ್ಟು ತಡೆಯಲಿಲ್ಲ. ಮತದಾನ ನಡೆಯಿತು. ಗೆದ್ದವರು ಯಾರು? ಯಂತ್ರ ಬೇಡವೆಂದ ಪಿಳ್ಳೆಯವರೇ, 123 ಮತಗಳಿಂದ! ಗೆದ್ದ ಮೇಲೆ ಅವರಿಗೆ ಯಂತ್ರದಲ್ಲಿ ದೋಷ ಕಾಣಲಿಲ್ಲ. ಸೋತ ಕಾಂಗ್ರೆಸ್ಸಿನ ಎ. ಸಿ. ಜೋಸ್ ಅವರಿಗೆ ಕಂಡಿತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಯಂತ್ರಕ್ಕೆ ಕಾನೂನಿನಲ್ಲಿ ಇನ್ನೂ ಆಧಾರವಿಲ್ಲವೆಂದು 1984ರಲ್ಲಿ ತೀರ್ಪಾಯಿತು. ಆ 50 ಮತಗಟ್ಟೆಗಳಲ್ಲಿ ಮತ್ತೆ ಕಾಗದದ ಮೇಲೆ ಮತದಾನವಾಯಿತು. ಜೋಸ್ ಅವರು ಗೆದ್ದರು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಹಳೆಯದು. ಇಲ್ಲಿ ಕುಣಿಯುವ ಮೊದಲು ಒಬ್ಬರು, ಕುಣಿದಾದ ಮೇಲೆ ಇನ್ನೊಬ್ಬರು ನೆಲವನ್ನು ಬೈದರು.

ಆ ದಿನದಿಂದ ಈ ದಿನದವರೆಗೂ ಅದೇ ನಾಟಕ, ಪಾತ್ರಧಾರಿಗಳು ಮಾತ್ರ ಬೇರೆ. 2004ರ ಲೋಕಸಭಾ ಚುನಾವಣೆ ದೇಶದಾದ್ಯಂತ ಯಂತ್ರದ ಮೇಲೆ ನಡೆಯಿತು. 2009ರಲ್ಲಿ ಭಾರತೀಯ ಜನತಾ ಪಕ್ಷ ಸೋತಿತು. ಅಡ್ವಾಣಿಯವರು ಕಾಗದದ ಮತಪತ್ರಕ್ಕೆ ಹಿಂತಿರುಗಬೇಕೆಂದರು. 2014ರಲ್ಲಿ ಅದೇ ಪಕ್ಷ ಅದೇ ಯಂತ್ರದಿಂದ ಗೆದ್ದಿತು; ಅಲ್ಲಿಂದ ಸಂಶಯ ಕಾಂಗ್ರೆಸ್ಸಿನ ಮನೆಗೆ ವರ್ಗವಾಯಿತು. 2018ರ ಮಾರ್ಚಿಯಲ್ಲಿ ಕಾಂಗ್ರೆಸ್ ಮಹಾಧಿವೇಶನ ಮತಪತ್ರವೇ ಬೇಕೆಂದು ಠರಾವು ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಢ ಮೂರನ್ನೂ ಯಂತ್ರ ಅವರಿಗೆ ತಂದು ಕೊಟ್ಟಿತು. ಬೇಡವೆಂದು ಯಾರೂ ಹಿಂದಿರುಗಿಸಲಿಲ್ಲ. ನಮ್ಮ ಕರ್ನಾಟಕದಲ್ಲಿ 2023ರಲ್ಲಿ ಯಂತ್ರದಿಂದಲೇ 135 ಸ್ಥಾನ ಪಡೆದು ಬಂದ ಸರಕಾರ, 2025ರಲ್ಲಿ ಸ್ಥಳೀಯ ಚುನಾವಣೆಗಳಿಗೆ ಮತಪತ್ರವೇ ಲೇಸೆಂದು ಶಿಫಾರಸು ಮಾಡಿತು. ಏಣಿ ಹತ್ತಿ ಮೇಲೆ ಕುಳಿತ ಮೇಲೆ ಏಣಿಯ ಮೆಟ್ಟಿಲು ಸರಿಯಿಲ್ಲವೆಂದಂತೆ!

ಹಾಗಾದರೆ ಸಂಶಯವೇ ಬೇಡವೆ? ಬೇಕು, ಸ್ವಾಮಿ. ಬಹಳ ಬೇಕು. ಮತಯಂತ್ರಗಳನ್ನು ಮಾಡುವ ಎರಡು ಸರಕಾರಿ ಕಾರ್ಖಾನೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಬೆರಳಿಗೆ ಹಚ್ಚುವ ಅಳಿಸದ ಶಾಯಿ 1962ರ ಚುನಾವಣೆಯಿಂದಲೂ ಮೈಸೂರಿನದು. ನಮ್ಮವರು ಮಾಡಿದರೆಂದು ಹೆಮ್ಮೆಪಡೋಣ. ಆದರೆ ಹೆಮ್ಮೆಯಿಂದ ಲೆಕ್ಕ ತಪ್ಪಿಸಬಾರದು. ಯಂತ್ರದ ಪಕ್ಕದಲ್ಲಿ ಏಳು ಸೆಕೆಂಡು ಕಾಣುವ ಆ ಚೀಟಿ ತಾನಾಗಿ ಬಂದುದಲ್ಲ. ಜನ ಕೇಳಿದರು, ಮೊಕದ್ದಮೆ ಹೂಡಿದರು. 2013ರಲ್ಲಿ ಸುಪ್ರೀಂ ಕೋರ್ಟು ‘ಚೀಟಿ ಕೊಡಿ’ ಎಂದಿತು. 2024ರ ಏಪ್ರಿಲಿನಲ್ಲಿ ಅದೇ ಕೋರ್ಟು ಹಳೆಯ ಮತಪತ್ರಕ್ಕೆ ಹೋಗುವುದು ಬೇಡವೆಂದಿತು. ಇದರಲ್ಲಿ ನನಗೆ ಕಾಣುವ ನೀತಿ ಇಷ್ಟೆ: ಗೆದ್ದಾಗಲೂ ಸೋತಾಗಲೂ ಒಂದೇ ಅಳತೆಯಲ್ಲಿ ಸಂಶಯಪಡುವವನ ಮಾತಿಗೆ ಬೆಲೆ. ಸೋತಾಗ ಮಾತ್ರ ಎಚ್ಚರಾಗುವ ಸಂಶಯ ಸಂಶಯವಲ್ಲ, ಹೊಟ್ಟೆಕಿಚ್ಚು.

ಇನ್ನು ಆಧಾರ್ ಚೀಟಿ. ಇದು ಹುಟ್ಟಿದ್ದು ಕಾಂಗ್ರೆಸ್ ಕೂಟದ ಆಳ್ವಿಕೆಯಲ್ಲಿ, 2009ರಲ್ಲಿ. ಬೆಂಗಳೂರಿನ ನಂದನ್ ನಿಲೇಕಣಿಯವರು ಅದರ ಸೂತ್ರಧಾರರು. ಮೊದಲ ಚೀಟಿ ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ ಇದೇ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ. ಅದಕ್ಕೆ ಕಾನೂನು ಮಾಡಹೊರಟಾಗ, ಭಾರತೀಯ ಜನತಾ ಪಕ್ಷದ ಯಶವಂತ ಸಿನ್ಹಾ ಅವರು ಅಧ್ಯಕ್ಷರಾಗಿದ್ದ ಸಂಸದೀಯ ಸಮಿತಿ 2011ರಲ್ಲಿ ಆ ಮಸೂದೆಯನ್ನು ಒಪ್ಪಲಿಲ್ಲ. 2016ರಲ್ಲಿ ಅದೇ ಪಕ್ಷದ ಸರಕಾರ ಆಧಾರ್ ಕಾನೂನನ್ನು ಹಣಕಾಸು ಮಸೂದೆಯೆಂದು ಹೆಸರಿಟ್ಟು ಅವಸರದಿಂದ ಪಾಸು ಮಾಡಿತು. ಆಗ ಕೋರ್ಟಿಗೆ ಹೋದವರಲ್ಲಿ ಕಾಂಗ್ರೆಸ್ಸಿನ ಜಯರಾಮ ರಮೇಶರೂ ಒಬ್ಬರು! ಹೆತ್ತವರು ಬೇಡವೆಂದರು, ಬೇಡವೆಂದವರು ಸಾಕಿಕೊಂಡರು.

ಅವರ ಕುಸ್ತಿಯ ನಡುವೆ ನಮ್ಮ ಬೆರಳನ್ನು ಯಾರೂ ನೋಡಲಿಲ್ಲ. ಇಪ್ಪತ್ತು ವರ್ಷ ಪಾತ್ರೆ ತೊಳೆದವನ, ಮಗ್ಗದಲ್ಲಿ ನೂಲು ಕಟ್ಟಿದವನ ಬೆರಳ ತುದಿ ಸವೆದಿರುತ್ತದೆ. ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ರೇಶನ್ ಅಂಗಡಿಯಲ್ಲಿ ಒಮ್ಮೆ ಒತ್ತು, ಮತ್ತೊಮ್ಮೆ ಒತ್ತು, ಕೈ ಒರೆಸಿಕೊಂಡು ಒತ್ತು! ದುಡಿಯದ ಬೆರಳು ನುಣುಪಾಗಿ ಹೊಂದಿಕೊಳ್ಳುತ್ತದೆ; ದುಡಿದ ಬೆರಳಿಗೆ ಅಕ್ಕಿಯಿಲ್ಲ ಎಂದಾಗುತ್ತದೆ. ಇದು ಯಂತ್ರದ ದುಷ್ಟತನವಲ್ಲ. ಯಂತ್ರವನ್ನು ತರಿಸುವಾಗ ‘ಕಾರ್ಮಿಕನ ಕೈ ಹೇಗಿರುತ್ತದೆ’ ಎಂದು ಕೇಳುವವರು ಆ ಕೋಣೆಯಲ್ಲಿ ಇರಲಿಲ್ಲ, ಅಷ್ಟೆ.

ಈಗ ನಿಮಗೆ ಪರಿಚಯದ ಒಂದು ಹೆಸರು ಹೇಳುತ್ತೇನೆ: ಜಾರ್ಜ್ ಫೆರ್ನಾಂಡಿಸ್. ಮಂಗಳೂರಿನಿಂದ ಈ ಮುಂಬಯಿಗೆ ಬಂದು ಹೋಟೆಲು, ಟ್ಯಾಕ್ಸಿ ಕಾರ್ಮಿಕರನ್ನು ಒಗ್ಗೂಡಿಸಿದ ಮನುಷ್ಯ. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ ಗಂಡು. ಅವರ ಬಗ್ಗೆ ನನಗೆ ಗೌರವವಿದೆ, ಗೌರವವಿರುವುದರಿಂದಲೇ ಹೇಳುತ್ತೇನೆ. 1977ರಲ್ಲಿ ಜನತಾ ಸರಕಾರದ ಕೈಗಾರಿಕಾ ಮಂತ್ರಿಯಾದಾಗ ಅವರು ಕೋಕಾಕೋಲ, ಐಬಿಎಂ ಎಂಬ ಎರಡು ಅಮೆರಿಕದ ಕಂಪೆನಿಗಳಿಗೆ ‘ಈ ದೇಶದ ಕಾನೂನಿನಂತೆ ನಡೆಯಿರಿ, ಇಲ್ಲವೆ ಹೊರಡಿರಿ’ ಎಂದರು. ಅವು ಹೊರಟವು. ಕೋಕಾಕೋಲದ ಜಾಗಕ್ಕೆ ಸರಕಾರ ಒಂದು ಪಾನೀಯ ತಂದಿತು. ಅದರ ಪಾಕ ಸಿದ್ಧವಾದದ್ದು ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ. ಹೆಸರು ಡಬಲ್ ಸೆವೆನ್. ತಯಾರಿಸಿದ್ದು ಸರಕಾರದ ಮಾಡರ್ನ್ ಫುಡ್ ಕಂಪೆನಿ. ಜನತಾ ಸರಕಾರದ ಗುಳ್ಳೆಯೂ ಅದರ ಗುಳ್ಳೆಯೂ ಹೆಚ್ಚು ಕಾಲ ನಿಲ್ಲಲಿಲ್ಲ. ಮುಂಬಯಿಯ ಪಾರ್ಲೆಯವರ ಥಮ್ಸ್ ಅಪ್ ಗೆದ್ದಿತು. 1993ರಲ್ಲಿ ಕೋಕಾಕೋಲ ಹಿಂತಿರುಗಿ ಬಂದು ಆ ಥಮ್ಸ್ ಅಪ್ಪನ್ನೇ ಕೊಂಡುಕೊಂಡಿತು. 2000ದಲ್ಲಿ ಮಾಡರ್ನ್ ಫುಡ್ಡನ್ನು ಸರಕಾರ ಹಿಂದೂಸ್ತಾನ್ ಲೀವರಿಗೆ ಮಾರಿತು. ಆಗಿನ ಮಂತ್ರಿಮಂಡಲದಲ್ಲಿ ರಕ್ಷಣಾ ಮಂತ್ರಿ ಯಾರು? ಜಾರ್ಜ್ ಫೆರ್ನಾಂಡಿಸ್! ಬಾಟಲಿ ಹೊರಗೆ ಹಾಕಿದವರ ಎದುರಿಗೇ ಕಾರ್ಖಾನೆ ಹರಾಜಾಯಿತು.

ಎಡಪಕ್ಷದವರೇನೂ ನಗಬೇಕಾಗಿಲ್ಲ. ಕಂಪ್ಯೂಟರು ಬಂದರೆ ಕೆಲಸ ಹೋಗುತ್ತದೆಂದು ಊರೂರಿನಲ್ಲಿ ಮೆರವಣಿಗೆ ತೆಗೆದವರು ಅವರು. 1990ರಲ್ಲಿ ತಿರುವನಂತಪುರದಲ್ಲಿ ದೇಶದ ಮೊದಲ ಟೆಕ್ನೋಪಾರ್ಕನ್ನು ಕಟ್ಟಲು ಹೊರಟ ಸರಕಾರವೂ ನಾಯನಾರರ ಎಡರಂಗದ ಸರಕಾರವೇ. ಇದನ್ನು ನಾನು ತಪ್ಪೆನ್ನುವುದಿಲ್ಲ. ಮನಸ್ಸು ಬದಲಾಯಿಸುವುದು ತಪ್ಪಲ್ಲ. ಬದಲಾಯಿಸಿದೆನೆಂದು ಹೇಳದಿರುವುದು ತಪ್ಪು.

ಗಿರಣಿಯ ಹಿರಿಯರು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ. ನಿಮಗೆ ನಾನು ಪಾಠ ಹೇಳುವಂತಿಲ್ಲ. ಒಬ್ಬನಿಗೆ ಎಷ್ಟು ಮಗ್ಗ ಎಂಬ ಜಗಳ 1928ರ ಮುಷ್ಕರದಲ್ಲಿಯೇ ಇತ್ತು. ಯಂತ್ರ ಬಂದು ಕಾರ್ಮಿಕನನ್ನು ನುಂಗುತ್ತದೆಂದು ನಾವೆಲ್ಲ ಹೆದರಿದೆವು. ಆದರೆ ನಿಮ್ಮಲ್ಲಿ ಬಹಳ ಮಂದಿಯನ್ನು ಮನೆಗೆ ಕಳಿಸಿದ್ದು ಬಂದ ಯಂತ್ರವಲ್ಲ, ಬಾರದ ಯಂತ್ರ. ಎಷ್ಟೋ ಮಾಲೀಕರು ಹಳೆಯ ಮಗ್ಗಗಳನ್ನೇ ಸವೆಸಿದರು, ಹೊಸದಕ್ಕೆ ದುಡ್ಡು ಹಾಕಲಿಲ್ಲ. ಬಟ್ಟೆಯ ಕೆಲಸ ಭಿವಂಡಿಯ ಪವರ್‌ಲೂಮಿಗೆ ಹೋಯಿತು. ಅಲ್ಲಿ ಸಂಘವಿಲ್ಲ, ಪಾಳಿಗೆ ಮಿತಿಯಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಎರಡೂವರೆ ಲಕ್ಷದಷ್ಟು ಜನ ಹೊರಗೆ ಬಂದರು. ಎಷ್ಟೋ ಜನಕ್ಕೆ ಒಳಗೆ ಹೋಗುವ ದಿನ ಬರಲೇ ಇಲ್ಲ. ಆಮೇಲೆ ಬೆಲೆ ಬಂದದ್ದು ಮಗ್ಗಕ್ಕಲ್ಲ, ಮಗ್ಗದ ಕೆಳಗಿನ ನೆಲಕ್ಕೆ. ಗಿರಣಿ ಜಮೀನಿನಲ್ಲಿ ಮೂರರಲ್ಲೊಂದು ಪಾಲು ಬಯಲಿಗೆ, ಮೂರರಲ್ಲೊಂದು ಪಾಲು ಜನರ ವಸತಿಗೆ ಎಂಬ ಅರ್ಥದ ನಿಯಮ 1991ರಲ್ಲಿ ಬಂತು. 2001ರಲ್ಲಿ ಅದನ್ನು ತಿದ್ದಿ, ಪಾಲು ಖಾಲಿ ಬಿದ್ದ ಜಾಗಕ್ಕೆ ಮಾತ್ರ ಎಂದರು. ಒಂದು ಶಬ್ದದ ತಿದ್ದುಪಡಿ, ನೂರಾರು ಎಕರೆಯ ವ್ಯತ್ಯಾಸ. ಗಿರಣಿಯ ಬಾಗಿಲಲ್ಲಿ ಎಲ್ಲ ಪಕ್ಷಗಳ ಬಾವುಟಗಳೂ ಹಾರುತ್ತಿದ್ದವು. ಈಗ ಅಲ್ಲಿ ಕಟ್ಟಡಗಳ ಮೇಲೆ ದೀಪ ಹಾರುತ್ತಿದೆ.

ಹೋಟೆಲಿಗೆ ಬರೋಣ. ರುಬ್ಬುವ ಯಂತ್ರ ಬಂದಾಗ ರುಬ್ಬುವ ಕಲ್ಲಿಗಾಗಿ ಯಾರೂ ಅಳಲಿಲ್ಲ. ತೋಳು ಉಳಿಯಿತು. ಆದರೆ ಉಳಿದ ಎರಡು ಗಂಟೆ ಯಾರ ಪಾಲಾಯಿತು? ತಮಿಳುನಾಡಿನಲ್ಲಿ 2011ರಲ್ಲಿ ಜಯಲಲಿತಾ ಅವರ ಪಕ್ಷ ಮನೆಮನೆಗೆ ಗ್ರೈಂಡರು ಹಂಚುತ್ತೇನೆಂದಾಗ ದೊಡ್ಡವರು ನಕ್ಕರು. ಆ ಮನೆಗಳಲ್ಲಿ ಉಳಿದ ಗಂಟೆ ಆ ಹೆಂಗಸಿನದೇ ಆಯಿತು. ನಮ್ಮ ಅಡುಗೆಮನೆಯಲ್ಲಿ ಉಳಿದ ಗಂಟೆಗೆ ಇನ್ನೆರಡು ಕೆಲಸ ಸೇರಿಕೊಂಡವು. ಯಂತ್ರ ಒಂದೇ, ಲೆಕ್ಕ ಬೇರೆ.

ಯುಪಿಐ ಎಂಬ ಫೋನಿನ ಪಾವತಿ 2016ರ ಏಪ್ರಿಲಿನಲ್ಲಿ ಬಂತು. ಅದನ್ನು ನಡೆಸುವ ನಿಗಮದ ಕಚೇರಿ ಇದೇ ಮುಂಬಯಿಯಲ್ಲಿದೆ. ಅದೇ ನವೆಂಬರಿನಲ್ಲಿ 500, 1000ದ ನೋಟು ರದ್ದಾಗಿ ಗಿರಾಕಿಗಳೆಲ್ಲ ಫೋನು ಹಿಡಿಯುವುದನ್ನು ಕಲಿತರು. ಒಳ್ಳೆಯದೇ. ಚಿಲ್ಲರೆಯ ಜಗಳ ತಪ್ಪಿತು, ಊರಿಗೆ ಹಣ ಕಳಿಸಲು ಮನಿಯಾರ್ಡರಿನ ಸಾಲು ತಪ್ಪಿತು. ಆದರೆ ಚಿಲ್ಲರೆಯೊಡನೆ ತಟ್ಟೆಯಲ್ಲಿ ಉಳಿಯುತ್ತಿದ್ದ ಟಿಪ್ಸೂ ತಪ್ಪಿತು. ಗಲ್ಲಾದ ಪಕ್ಕದ ಪೆಟ್ಟಿಗೆ ‘ಇಷ್ಟು ರೂಪಾಯಿ ಬಂತು’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ಮಾಣಿಗೆ ಬಂತೆ ಎಂದು ಕೂಗುವ ಪೆಟ್ಟಿಗೆ ಇನ್ನೂ ಹುಟ್ಟಿಲ್ಲ. ಬಂಧುಗಳೆ, ಅದನ್ನು ಹುಟ್ಟಿಸಬೇಕಾದವರು ನಾವು. ಪ್ರತಿ ಹೋಟೆಲಿನಲ್ಲಿ ಟಿಪ್ಸಿಗೆ ಬೇರೆ ಕ್ಯೂಆರ್ ಚೀಟಿ ಇರಲಿ; ವಾರಕ್ಕೊಮ್ಮೆ ಮಾಣಿ, ಭಟ್ಟರು, ಪಾತ್ರೆ ತೊಳೆಯುವವನು ಎಲ್ಲರಿಗೂ ಹಂಚಿಕೆಯಾಗಲಿ; ಲೆಕ್ಕದ ಪುಸ್ತಕ ಅಡುಗೆಮನೆಯ ಗೋಡೆಯಲ್ಲಿ ತೂಗಲಿ. ಒಳ್ಳೆಯ ಧಣಿಗಳು ಒಪ್ಪುತ್ತಾರೆ. ಒಪ್ಪದವರ ಹತ್ತಿರ ಒಬ್ಬೊಬ್ಬರಾಗಿ ಹೋಗಬೇಡಿ, ಸಂಘವಾಗಿ ಹೋಗೋಣ.

ನಿಮ್ಮ ಬಾಗಿಲಲ್ಲಿ ಪೊಟ್ಟಣಕ್ಕಾಗಿ ಕಾಯುವ ಮೋಟರ್‌ಸೈಕಲ್ ಹುಡುಗನನ್ನೂ ನಮ್ಮವನೆಂದು ತಿಳಿಯಿರಿ. ಅವನ ಮೇಸ್ತ್ರಿಗೆ ಮುಖವಿಲ್ಲ; ಫೋನೇ ಮೇಸ್ತ್ರಿ. ಯಾಕೆ ಕೆಲಸ ಕೊಡಲಿಲ್ಲ ಎಂದು ಮೇಸ್ತ್ರಿಯನ್ನು ಕೇಳಬಹುದು. ಫೋನನ್ನು ಕೇಳುವುದು ಹೇಗೆ? ಇಂಥವರಿಗಾಗಿ 2023ರಲ್ಲಿ ರಾಜಸ್ಥಾನ, 2025ರಲ್ಲಿ ಕರ್ನಾಟಕ ಕಾಯಿದೆ ಮಾಡಿದವು. ಕರ್ನಾಟಕದ ಕಾಯಿದೆ ಕಲ್ಯಾಣನಿಧಿಯನ್ನು ಹೇಳುತ್ತದೆ; ಯಂತ್ರ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆಂದು ತಿಳಿಯುವ ಹಕ್ಕನ್ನೂ ಹೇಳುತ್ತದೆ. ಯಂತ್ರವೂ ಉತ್ತರ ಕೊಡಬೇಕೆಂದು ಒಂದು ಶಾಸನಸಭೆ ಹೇಳಿತಲ್ಲ, ಅದು ಸಣ್ಣ ಮಾತಲ್ಲ. ಪುಸ್ತಕದಲ್ಲಿರುವುದು ಬೀದಿಗೆ ಇಳಿಯುವಂತೆ ನೋಡಿಕೊಳ್ಳುವುದು ಇನ್ನುಳಿದ ಕೆಲಸ.

ಇನ್ನು ಮುಂದೆ ಮತ ಕೇಳಲು ಯಾವ ಪಕ್ಷದವರು ಬಂದರೂ, ಅವರ ಬಾವುಟದ ಬಣ್ಣ ನೋಡುವ ಮೊದಲು ಮೂರು ಪ್ರಶ್ನೆ ಕೇಳಿರಿ. ಈ ಯಂತ್ರದಿಂದ ಉಳಿಯುವ ದುಡ್ಡು, ಉಳಿಯುವ ಗಂಟೆ ಯಾರಿಗೆ? ಅದು ತಪ್ಪಿದರೆ ನಾನು ಯಾರ ಬಾಗಿಲು ತಟ್ಟಬೇಕು? ನೀವು ಅಧಿಕಾರದಲ್ಲಿಲ್ಲದಾಗ ಇದೇ ಯಂತ್ರದ ಬಗ್ಗೆ ಏನೆಂದಿದ್ದಿರಿ? ಮೂರನೆಯ ಪ್ರಶ್ನೆಗೆ ಅವರು ಕೆಮ್ಮುತ್ತಾರೆ. ಕೆಮ್ಮಲಿ, ನೀರು ಕೊಡಿ, ಬಡಿಸುವವರಲ್ಲವೆ ನಾವು! ಆದರೆ ಉತ್ತರ ಬರುವ ತನಕ ಕುರ್ಚಿ ಬಿಡಬೇಡಿ.

ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಎಷ್ಟೋ ಹೋಟೆಲು ಹುಡುಗರು ಬಲ್ಬಿನ ಕೆಳಗೆ ಅಕ್ಷರ ಕಲಿತರು. ಫೋನು ಈ ಕಾಲದ ಅಕ್ಷರ. ಸಂಘದ ಕೋಣೆಯಲ್ಲಿ ವಾರಕ್ಕೆರಡು ರಾತ್ರಿ ಅದನ್ನು ಹಿರಿಯರಿಗೆ ಕಲಿಸುವ ಏರ್ಪಾಡಾಗಲಿ, ಪ್ರಾವಿಡೆಂಟ್ ಫಂಡಿನ ಲೆಕ್ಕವನ್ನು ಪ್ರತಿಯೊಬ್ಬನೂ ತಾನೇ ತೆಗೆದು ನೋಡುವಂತಾಗಲಿ ಎಂದು ಕಾರ್ಯಕಾರಿ ಸಮಿತಿಗೆ ಸೂಚಿಸಿ, ನನ್ನ ಮಾತು ಮುಗಿಸುತ್ತೇನೆ. ಅರ್ಧ ಗಂಟೆಯಾಯಿತು, ಇಡ್ಲಿ ಆರುತ್ತಿದೆ.