ಡಬ್ಬಿಯೊಳಗಿನ ಆಯುಸ್ಸು

ಜಿರಳೆಯ ವಿಚಾರ ಮಾತನಾಡಲು ಹೊರಟವನನ್ನು ಕೇಳುಗರು ಮನ್ನಿಸಬೇಕು. ನಮ್ಮ ಕಡೆ ಜೊಂಡಿಗವೆಂದೂ ಕರೆಸಿಕೊಳ್ಳುವ ಈ ಪ್ರಾಣಿಯನ್ನು ಕಂಡೊಡನೆ ಪೊರಕೆ ಹುಡುಕುವುದು ಲೋಕರೂಢಿ. ಸಂಡೂರಿನಲ್ಲಿ ಜೀವಶಾಸ್ತ್ರದ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನಾದರೋ ಅದನ್ನು ಬೇಕೆಂದೇ ಸಾಕಿದ್ದೆ. ಪ್ರಾಯೋಗಿಕ ಪರೀಕ್ಷೆಯ ದಿನ ಪ್ರತಿ ವಿದ್ಯಾರ್ಥಿಯ ಮುಂದೆ ಕೊಯ್ಯಲು ಒಂದು ಜಿರಳೆ ಇರಲೇಬೇಕಿತ್ತು. ಊರಿನ ಬಚ್ಚಲುಮನೆಗಳನ್ನು ನಂಬಿ ಕೂರುವಂತಿರಲಿಲ್ಲ.

ಬಿಸ್ಕತ್ತಿನ ದೊಡ್ಡ ಡಬ್ಬಿ. ಒಳಗೆ ಮೊಟ್ಟೆ ಜೋಡಿಸುವ ರಟ್ಟು. ಹತ್ತಿ ಹೊರಬಾರದಂತೆ ಅಂಚಿಗೆ ವ್ಯಾಸಲೀನು. ಒಣರೊಟ್ಟಿಯ ಚೂರು, ಬೆಲ್ಲ, ನೀರಲ್ಲಿ ನೆನೆಸಿದ ಅರಳೆ, ಇಷ್ಟೇ ಅವುಗಳ ಸಂಸಾರ. ಗಣಿಗುಡ್ಡಗಳ ಕೆಂಪು ಧೂಳು ಆ ಡಬ್ಬಿಯ ಮೇಲೂ ಕೂರುತ್ತಿತ್ತು. ಹೆಣ್ಣು ಕಂದು ಬಣ್ಣದ ಪುಟ್ಟ ಸಂಚಿಯಂಥ ಕೋಶವನ್ನು ಹೊತ್ತು ತಿರುಗಿ, ಬಳಿಕ ರಟ್ಟಿಗೆ ಅಂಟಿಸುವುದು. ಒಂದೊಂದರಲ್ಲಿ 14ರಿಂದ 16 ಮೊಟ್ಟೆಗಳು. ಮರಿ ಸುಮಾರು 13 ಬಾರಿ ಪೊರೆ ಕಳಚಿ ಪ್ರೌಢವಾಗುತ್ತದೆ. ರೆಕ್ಕೆ ಮೂಡಿದಂದು ಬೆನ್ನಿಗೊಂದು ಬಣ್ಣದ ಚುಕ್ಕೆಯಿಟ್ಟು, ಅದು ಡಬ್ಬಿಯಲ್ಲಿ ಬಾಳಿದ ದಿನಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ಲೆಕ್ಕ ಕೂಡಿದಾಗ ಗಂಡುಗಳೇ ಹೆಚ್ಚು ಕಾಲ ಬಾಳಿದ್ದವು. ಗ್ರಂಥಗಳು ಹೇಳುವುದು ಇದಕ್ಕೆ ವಿರುದ್ಧ: ಪ್ರೌಢವಾದ ಗಂಡು ಸಾಮಾನ್ಯವಾಗಿ ವರ್ಷದೊಳಗೆ ಮುಗಿಯುತ್ತದೆ, ಹೆಣ್ಣು ವರ್ಷ ದಾಟಿ, ಕೆಲವೊಮ್ಮೆ ಎರಡರ ಹತ್ತಿರಕ್ಕೂ ಬರುವುದುಂಟು. ನಮ್ಮ ಸೀಮೆಯ ಹವೆಯ ಗುಣವಿರಬೇಕೆಂದು ತರಗತಿಯಲ್ಲಿ ಹೇಳಿಯೂಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಕೊಯ್ಯೋದಕ್ಕೆ ನಾವು ದಪ್ಪಗಿರೋ ಹೆಣ್ಣನ್ನೇ ಆರಿಸಿ ತೆಗೀತೀವಲ್ಲ?”

ನನಗೆ ಮಾತು ಹೊರಡಲಿಲ್ಲ. ಡಬ್ಬಿಯಿಂದ ತೆಗೆದ ದಿನವನ್ನೇ ನಾನು ಮರಣದ ದಿನವೆಂದು ಬರೆದಿದ್ದೆ. ಹವೆಯ ಮೇಲೆ ಹೊರಿಸಿದ ತಪ್ಪು ನನ್ನ ಕೈಯದಾಗಿತ್ತು.

ಇದರ ತಿರುವುಮುರುವನ್ನೂ ಮುಂದೆ ಓದಿ ತಿಳಿದೆ. ಸಾಕಿದ ಓತಿ, ಹಲ್ಲಿಗಳ ಆಹಾರಕ್ಕೆಂದು ವಿದೇಶಗಳಲ್ಲಿ ದುಬಿಯಾ ಎಂಬ ದಕ್ಷಿಣ ಅಮೆರಿಕದ ಜಿರಳೆಯನ್ನು ಬೆಳೆಸುತ್ತಾರೆ. ಅಲ್ಲಿಯೂ ಹೆಣ್ಣೇ ದೀರ್ಘಾಯುಷಿ. ಆದರೆ ಸಂತಾನಕ್ಕೆ ಹೆಣ್ಣು ಬೇಕೆಂದು ಅದನ್ನು ಉಳಿಸಿ, ಹೆಚ್ಚಾದ ಗಂಡುಗಳನ್ನು ಮೊದಲು ಓತಿಗೆ ಹಾಕುತ್ತಾರೆ. ಅಂಥ ಡಬ್ಬಿಯಲ್ಲಿ ನನ್ನಂತೆ ಲೆಕ್ಕ ಬರೆದರೆ ಗಂಡಿನ ಆಯುಸ್ಸು ಇರುವುದಕ್ಕಿಂತಲೂ ಕಡಿಮೆಯಾಗಿ ಕಂಡೀತು.

ಆ ಹುಡುಗಿಯ ಪ್ರಶ್ನೆ ಡಬ್ಬಿಯಲ್ಲಿಯೇ ನಿಲ್ಲಲಿಲ್ಲ. ಲೋಕದ ಬಹುಪಾಲು ದೇಶಗಳಲ್ಲಿ ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ನಮ್ಮ ದೇಶದಲ್ಲಿ 1970ರ ದಶಕದವರೆಗೂ ಹೆಣ್ಣಿನ ಸರಾಸರಿ ಆಯುಸ್ಸೇ ಕಡಿಮೆಯಿತ್ತು. 1980ರ ದಶಕದಲ್ಲಷ್ಟೇ ಆಕೆ ಮುಂದಾದಳು. ಅದನ್ನು ಹೆಣ್ಣಿನ ಹಣೆಬರಹವೆಂದವರುಂಟು. ಎಳೆಯ ಹೆಣ್ಣುಮಗುವಿಗೆ ಕಡಿಮೆಯಾದ ಹಾಲು, ಮದ್ದು, ಬಾಣಂತಿಗೆ ಸಿಗದ ಆರೈಕೆ, ಇವನ್ನು ಬರೆದಿಟ್ಟುಕೊಂಡವರು ಕಡಿಮೆ.

2014ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನೇ ನಿಲ್ಲಿಸಿತು. ನನ್ನ ಡಬ್ಬಿ ಅದಕ್ಕೂ ಮೊದಲೇ ತುಕ್ಕು ಹಿಡಿದಿತ್ತು. ಪುಸ್ತಕ ಮಾತ್ರ ಉಳಿದಿದೆ. ಆ ತಪ್ಪು ಲೆಕ್ಕವನ್ನು ನಾನು ಅಳಿಸಲಿಲ್ಲ. ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ ಆ ಹುಡುಗಿಯ ಪ್ರಶ್ನೆಯನ್ನು ಬರೆದಿಟ್ಟಿದ್ದೇನೆ.