ಮುಖದ ಸುಕ್ಕಿಗೆ ಬೊಟಾಕ್ಸ್: ಎಷ್ಟು ಯೂನಿಟ್ ಎಂದು ಕೇಳಿದಿರಾ?

ಮಗನ ಮದುವೆಗೆ ಹತ್ತು ದಿನ ಇರುವಾಗ ಮಾಟುಂಗಾದ ಮಹಿಳೆಯೊಬ್ಬರು ನನ್ನಲ್ಲಿಗೆ ಬಂದರು. ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಹುಬ್ಬುಗಳ ನಡುವಿನ ಗೆರೆ ಹೋಗಲೆಂದು ವಾರದ ಹಿಂದೆ ಎಲ್ಲೋ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. “ಎಷ್ಟು ಕೊಟ್ಟರು?” ಎಂದು ಕೇಳಿದೆ. “ಎರಡು ಸಿರಿಂಜು, ಡಾಕ್ಟ್ರೇ” ಎಂದರು. ಯಾವ ಕಂಪನಿಯದು, ಎಷ್ಟು ಯೂನಿಟ್, ಒಂದೂ ಗೊತ್ತಿಲ್ಲ. ಚೀಟಿಯೂ ಇಲ್ಲ. ರೆಪ್ಪೆ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಯಿತು. ಆದರೆ ಮದುವೆಯ ಫೋಟೋಗಳಲ್ಲಿ ಅವರು ಕಪ್ಪು ಕನ್ನಡಕದಲ್ಲಿಯೇ ಇದ್ದಾರೆ.

ಬೊಟುಲಿನಮ್ ಎಂಬುದು ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷ. ಕೆಟ್ಟ ಡಬ್ಬಿ ಆಹಾರದಿಂದ ಜನ ಸಾಯುತ್ತಿದ್ದುದು ಇದರಿಂದಲೇ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಇದು ತಡೆಯುತ್ತದೆ, ಸ್ನಾಯು ಸಡಿಲಾಗುತ್ತದೆ. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆಯ ಸೆಳೆತಕ್ಕೆ. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕರುದರ್ಸ್ ಮತ್ತು ಅವರ ಪತಿ, ಚರ್ಮವೈದ್ಯ ಅಲಸ್ಟೇರ್, ಇದರಿಂದ ಹುಬ್ಬಿನ ಗೆರೆಗಳೂ ಮಾಯವಾಗುವುದನ್ನು ಗಮನಿಸಿ 1992ರಲ್ಲಿ ಪ್ರಕಟಿಸಿದರು. ಸುಕ್ಕಿಗೆಂದೇ ಒಪ್ಪಿಗೆ ಬಂದದ್ದು 2002ರಲ್ಲಿ.

ಇನ್ನು ಯೂನಿಟ್ ಎಂದರೇನು? ಒಂದು ಗುಂಪಿನ ಇಲಿಗಳಲ್ಲಿ ಅರ್ಧದಷ್ಟು ಸಾಯಲು ಬೇಕಾಗುವ ಪ್ರಮಾಣಕ್ಕೆ ಮೂಲತಃ ಒಂದು ಯೂನಿಟ್ ಎಂದು ಹೆಸರಿಟ್ಟರು. ಕೇಳಲು ಹಿತವಲ್ಲ, ನಿಜ. ಒಂದೊಂದು ಕಂಪನಿಯ ಪರೀಕ್ಷೆಯ ಕ್ರಮ ಒಂದೊಂದು ಬಗೆ. ಆದ್ದರಿಂದ ಒಬ್ಬರ ಯೂನಿಟ್ಟು ಇನ್ನೊಬ್ಬರ ಯೂನಿಟ್ಟಿಗೆ ಸಮವಲ್ಲ. ಹುಬ್ಬುಗಳ ನಡುವಿನ ಗೆರೆಗೆ ಬೊಟಾಕ್ಸ್ ಆದರೆ 20 ಯೂನಿಟ್, ಐದು ಕಡೆ ನಾಲ್ಕು ನಾಲ್ಕರಂತೆ. ಅದೇ ಜಾಗಕ್ಕೆ ಡಿಸ್ಪೋರ್ಟ್ ಆದರೆ 50 ಯೂನಿಟ್. “ಅಲ್ಲಿ 50 ಕೊಡುತ್ತಾರೆ, ನೀವು ಬರೀ 20 ಕೊಡುತ್ತೀರಿ” ಎಂದು ಜಗಳಕ್ಕೆ ಬರುವವರೂ ಇದ್ದಾರೆ! ನಕ್ಕಾಗ ಕಣ್ಣಿನ ಅಂಚಿನಲ್ಲಿ ಮೂಡುವ ಗೆರೆಗಳಿಗೆ ಎರಡೂ ಕಡೆ ಸೇರಿ ಬೊಟಾಕ್ಸ್ 24 ಯೂನಿಟ್. ಹಣೆಯ ಅಡ್ಡಗೆರೆಗಳಿಗೆ 20, ಅದೂ ಹುಬ್ಬಿನ ನಡುವಿನ 20ರ ಜೊತೆಗೆ.

ಸೀಸೆಯಲ್ಲಿ ಬರುವುದು ಒಣಪುಡಿ. ಅದಕ್ಕೆ ವೈದ್ಯರು ಸಲೈನ್ ಬೆರೆಸುತ್ತಾರೆ. 100 ಯೂನಿಟ್ಟಿನ ಬೊಟಾಕ್ಸ್‌ಗೆ ಎರಡೂವರೆ ಮಿಲಿಲೀಟರ್ ಹಾಕಿದರೆ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗದಲ್ಲಿ ನಾಲ್ಕು ಯೂನಿಟ್. ಐದು ಮಿಲಿಲೀಟರ್ ಹಾಕಿದರೆ ಅಷ್ಟರಲ್ಲಿ ಎರಡೇ. ಎರಡು ಲೋಟ ಮಜ್ಜಿಗೆ ಕುಡಿದೆ ಎಂದರೆ ಅದರಲ್ಲಿ ಮೊಸರು ಎಷ್ಟಿತ್ತು ಎಂದು ಹೇಳಲಾದೀತೆ? ಸಿರಿಂಜಿನ ಲೆಕ್ಕವೂ ಹಾಗೆಯೇ. ನೀರು ಹೆಚ್ಚಾದರೆ ಮದ್ದು ಬೇಡದ ಸ್ನಾಯುವಿಗೂ ಹರಡಬಹುದು. ಹುಬ್ಬಿನ ಎಲುಬಿಗೆ ತೀರ ಹತ್ತಿರ ಚುಚ್ಚಿದರೂ ರೆಪ್ಪೆ ಇಳಿಯಬಹುದು.

ಲೆಕ್ಕ ಪೂರಾ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದದ್ದೇ ಸಾಕ್ಷಿ. ಪ್ರಯೋಗಾಲಯಕ್ಕೆಂದು ತಯಾರಾದ, ಮನುಷ್ಯರಿಗೆ ಕೊಡಬಾರದ ವಿಷವನ್ನು ಸುಕ್ಕಿನ ಮದ್ದೆಂದು ಬಳಸಿದರು. ಚುಚ್ಚಿದ ವೈದ್ಯನೂ ಸೇರಿ ನಾಲ್ವರನ್ನು ಉಸಿರಾಟದ ಯಂತ್ರಕ್ಕೆ ಹಾಕಬೇಕಾಯಿತು. ಅದೇ ತಂಡದ ಒಂದು ಸೀಸೆಯನ್ನು ಪರೀಕ್ಷಿಸಿದಾಗ 14 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲುವಷ್ಟು ವಿಷ ಅದರಲ್ಲಿತ್ತು. ಅಗ್ಗಕ್ಕೆ ಸಿಗುವ ಹೆಸರಿಲ್ಲದ ಸೀಸೆ ಕಂಡರೆ ನನಗೆ ಈಗಲೂ ಭಯ. ನಕಲಿ ಬೊಟಾಕ್ಸ್ ಬಗ್ಗೆ 2024ರಲ್ಲಿ ಅಲ್ಲಿನ ಸರಕಾರ ಮತ್ತೆ ಎಚ್ಚರಿಕೆ ಕೊಟ್ಟಿತು.

ಗರ್ಭಿಣಿಯರು, ಎದೆಹಾಲೂಡಿಸುವ ತಾಯಂದಿರು ಇದರ ಗೊಡವೆಗೆ ಹೋಗುವುದು ಬೇಡ. ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯದ ಕಾಯಿಲೆ ಇದ್ದರೆ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ಇಂಜೆಕ್ಷನ್ ಆದಮೇಲೆ ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಪರಿಣಾಮ ಎರಡು ಮೂರು ದಿನದಲ್ಲಿ ಶುರುವಾಗಿ ಎರಡು ವಾರದ ಹೊತ್ತಿಗೆ ಪೂರ್ತಿ ಕಾಣುತ್ತದೆ, ಮೂರು ನಾಲ್ಕು ತಿಂಗಳು ಇರುತ್ತದೆ. ಮೂರು ತಿಂಗಳೊಳಗೆ ಮತ್ತೆ ಹಾಕಿಸಬೇಡಿ. ಪದೇ ಪದೇ ಕೊಟ್ಟರೆ ದೇಹವೇ ಅದರ ವಿರುದ್ಧ ಎದ್ದು ಮದ್ದು ನಾಟದೆ ಹೋಗಬಹುದು. ಸೀಸೆಯನ್ನು ನಿಮ್ಮೆದುರೇ ತೆರೆಯಲು ಹೇಳಿ. ಹೆಸರು, ಯೂನಿಟ್, ತಾರೀಖು ಬರೆಸಿಕೊಳ್ಳಿ. ಮನೆಯಲ್ಲಿ ಮದುವೆ ಇದ್ದರೆ ಒಂದೆರಡು ತಿಂಗಳು ಮೊದಲೇ ಬನ್ನಿ.